ಕೃತಕ ಮಂಡಿಯ ಸೋಂಕು: ರಕ್ತಪರೀಕ್ಷೆಯೊಂದೇ ಸಾಕೇ?

ಪ್ರಶ್ನೆ: ಎರಡು ವರ್ಷಗಳ ಹಿಂದೆ ನಮ್ಮ ತಾಯಿಯವರಿಗೆ ಕೃತಕ ಮಂಡಿ ಜೋಡಿಸಲಾಗಿದೆ. ಈಗ ಊತ, ನೋವು ಕಾಣಿಸಿಕೊಂಡಿದೆ. ಸಿಆರ್‌ಪಿ (ಉರಿಯೂತ ಪತ್ತೆಹಚ್ಚುವ ರಕ್ತಪರೀಕ್ಷೆ) ಸಹಜವಾಗಿದ್ದರೂ ವೈದ್ಯರು ಸೂಜಿಯಿಂದ ಕೀಲಿನ ದ್ರವ ತೆಗೆದು ಪರೀಕ್ಷಿಸಬೇಕೆನ್ನುತ್ತಾರೆ. ಇದು ಅಗತ್ಯವೇ?

ಉತ್ತರ: ಖಂಡಿತ ಅಗತ್ಯ, ದಯವಿಟ್ಟು ಮುಂದೂಡಬೇಡಿ. ಸಿಆರ್‌ಪಿ ಮತ್ತು ಅಂಥದ್ದೇ ಇನ್ನೊಂದು ರಕ್ತಪರೀಕ್ಷೆಯಾದ ಇಎಸ್‌ಆರ್ ದೇಹದಲ್ಲಿ ಎಲ್ಲೋ ಉರಿಯೂತವಿದೆ ಎಂದಷ್ಟೇ ತಿಳಿಸುತ್ತವೆ, ಅದು ಮಂಡಿಯಲ್ಲೇ ಇದೆಯೆಂದಾಗಲಿ, ರೋಗಾಣುವಿನಿಂದಲೇ ಬಂದಿದೆಯೆಂದಾಗಲಿ ಹೇಳಲಾರವು. ಸಂಧಿವಾತವಿರುವವರಲ್ಲಿ, ಮೂತ್ರದ ಸೋಂಕಾದಾಗ, ಶಸ್ತ್ರಚಿಕಿತ್ಸೆಯ ನಂತರದ ವಾರಗಳಲ್ಲಿಯೂ ಇವು ಏರಿರುತ್ತವೆ. ಹಳೆಯ ಸೋಂಕಿನ ಶಂಕೆಯಿದ್ದಾಗ ಸಿಆರ್‌ಪಿ ಲೀಟರಿಗೆ 10 ಮಿಲಿಗ್ರಾಂ, ಇಎಸ್‌ಆರ್ ಗಂಟೆಗೆ 30 ಮಿಲಿಮೀಟರ್ ದಾಟಿದರೆ ವೈದ್ಯರು ಎಚ್ಚರಗೊಳ್ಳುತ್ತಾರೆ. ಆದರೆ ಅದಕ್ಕಿಂತ ಕಡಿಮೆ ಬಂದಿತೆಂದು ಸೋಂಕಿಲ್ಲವೆನ್ನಲಾಗದು. ಚರ್ಮದ ಮೇಲೆ ಸಹಜವಾಗಿ ವಾಸಿಸುವ ಕೆಲವು ಬ್ಯಾಕ್ಟೀರಿಯಾಗಳು ಕೃತಕ ಕೀಲಿನ ಲೋಹ ಮತ್ತು ಪ್ಲಾಸ್ಟಿಕ್ಕಿನ ಮೇಲೆ ತೆಳುವಾದ ಲೋಳೆಪದರ ಕಟ್ಟಿಕೊಂಡು, ಜ್ವರವನ್ನಾಗಲಿ ರಕ್ತದಲ್ಲಿ ದೊಡ್ಡ ಬದಲಾವಣೆಯನ್ನಾಗಲಿ ಉಂಟುಮಾಡದೆ ತಿಂಗಳುಗಟ್ಟಲೆ ಉಳಿಯಬಲ್ಲವು.

ಕೀಲಿನ ದ್ರವದಲ್ಲಿ ಬಿಳಿ ರಕ್ತಕಣಗಳನ್ನು ಎಣಿಸಿ, ರೋಗಾಣು ಬೆಳೆಯುವುದೇ ಎಂದು ಕಲ್ಚರ್ ಮಾಡುತ್ತಾರೆ. ನಿಧಾನವಾಗಿ ಬೆಳೆಯುವ ರೋಗಾಣುಗಳಿಗಾಗಿ 14 ದಿನ ಕಾಯಬೇಕಾಗಬಹುದು. ಅತಿ ಮುಖ್ಯವಾದ ಮಾತೆಂದರೆ, ದ್ರವ ತೆಗೆಯುವ ಮುನ್ನ ಔಷಧಿ ಅಂಗಡಿಯಿಂದ ಆ್ಯಂಟಿಬಯಾಟಿಕ್ ತಂದು ಕೊಡಬೇಡಿ. ರೋಗಾಣು ಅಡಗಿ ಕಲ್ಚರಿನಲ್ಲಿ ಏನೂ ಬೆಳೆಯದೆ ಹೋಗಬಹುದು. ಈಗಾಗಲೇ ಕೊಟ್ಟಿದ್ದರೆ ವೈದ್ಯರಿಗೆ ತಿಳಿಸಿ. ಚಳಿಜ್ವರ ಬಂದರೆ ಅಥವಾ ಗಾಯದ ಜಾಗದಿಂದ ಕೀವು ಒಸರಿದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.