ಮಗುವಿನ ಗಂಟಲ ನಡುವೆ ಗಂಟು: ಆಪರೇಷನ್ ಬೇಕೇ ಬೇಕಾ?

ಆರು ವರ್ಷದ ಮಗನ ಗಂಟಲ ನಡುವೆ ಗಂಟಿದೆ, ಒಮ್ಮೆ ಕೆಂಪಾಗಿ ಜ್ವರ ಬಂತು, ಮಾತ್ರೆಗೆ ಇಳೀತು, ಈಗ ಹಾಗೇ ಬಿಡಬಹುದಾ ಅಂತ ಹೊಸನಗರದಿಂದ ಕೇಳಿದ್ದೀರಿ. ನಾನು ಡಾಕ್ಟರಲ್ಲ. ತೀರ್ಥಹಳ್ಳಿ ಕಡೆಯವಳು. ನನ್ನ ಮಗಳಿಗೂ ಇದೇ ಆಗಿತ್ತು.

ನಮ್ಮಲ್ಲಿ ಕತ್ತು ಊದಿದರೆ ಸಾಕು, ಗಳಗಂಡ ಅಂದುಬಿಡುತ್ತಾರೆ ಅಲ್ವಾ? ನಮ್ಮತ್ತೆಯೂ ಹಾಗೇ ಅಂದರು. ಶಿವಮೊಗ್ಗದ ಇ.ಎನ್.ಟಿ. ಡಾಕ್ಟರು ಮಗಳಿಗೆ ನಾಲಿಗೆ ಹೊರಗೆ ಚಾಚಲು ಹೇಳಿದರು. ಗಂಟು ಮೇಲಕ್ಕೆ ಸರಿಯಿತು. ಅದು ಥೈರೋಗ್ಲಾಸಲ್ ಸಿಸ್ಟ್. ಹೊಟ್ಟೆಯಲ್ಲಿರುವಾಗ ಮಗುವಿನ ಥೈರಾಯ್ಡ್ ನಾಲಿಗೆ ಬುಡದಲ್ಲಿ ಹುಟ್ಟಿ ಕತ್ತಿಗೆ ಇಳಿಯುತ್ತದೆ. ಇಳಿದ ದಾರಿ ಮುಚ್ಚದೆ ಉಳಿದರೆ ಅಲ್ಲಿ ನೀರು ತುಂಬಿ ಗಂಟಾಗುತ್ತದೆ. ಹುಟ್ಟಿನಿಂದಲೇ ಇರುವ ದೋಷ, ನೀವು ತಿನ್ನಿಸಿದ್ದರಿಂದ ಬಂದದ್ದಲ್ಲ.

ಶಿವಮೊಗ್ಗಕ್ಕೆ ಹೋಗುವ ಮೊದಲು ನಾವೊಂದು ತಪ್ಪು ಮಾಡಿದ್ದೆವು. ಕೀವಾದಾಗ ಒಂದು ಕ್ಲಿನಿಕ್‌ನಲ್ಲಿ ಕೊಯ್ದು ತೆಗೆಸಿದೆವು. ಮೂರು ತಿಂಗಳಿಗೆ ಅದೇ ಜಾಗದಲ್ಲಿ ತೂತು ಬಿದ್ದು ಅಂಟು ನೀರು ಸೋರತೊಡಗಿತು. ಕೊಯ್ದ ಕಡೆ ಒಳಗೆಲ್ಲ ಅಂಟಿಕೊಂಡು ಮುಂದಿನ ಆಪರೇಷನ್ ಕಷ್ಟವಾಯಿತು. ಸೋಂಕಾದರೆ ಮೊದಲು ಆಂಟಿಬಯಾಟಿಕ್ ಕೊಟ್ಟು ಇಳಿಸಬೇಕು. ತೀರಾ ಅನಿವಾರ್ಯವಾಗದೆ ಕೊಯ್ಯಲು ಒಪ್ಪಬೇಡಿ.

ಆಪರೇಷನ್‌ಗೆ ಮೊದಲು ಕತ್ತಿನ ಅಲ್ಟ್ರಾಸೌಂಡ್ ಮಾಡಿಸಲೇಬೇಕು. ಥೈರಾಯ್ಡ್ ತನ್ನ ಜಾಗದಲ್ಲಿದೆಯಾ ಅಂತ ನೋಡುವುದಕ್ಕೆ. ಅಪರೂಪಕ್ಕೆ ಕೆಲವು ಮಕ್ಕಳಲ್ಲಿ ಆ ಗಂಟೇ ಇರುವ ಒಂದೇ ಥೈರಾಯ್ಡ್ ಆಗಿರುತ್ತದೆ. ಗೊತ್ತಿಲ್ಲದೆ ತೆಗೆದರೆ ಮಗು ಬದುಕಿಡೀ ಥೈರಾಯ್ಡ್ ಮಾತ್ರೆ ನುಂಗಬೇಕು. ಇದನ್ನು ಕೇಳಿದ ದಿನ ನನಗೆ ನಿದ್ದೆ ಬರಲಿಲ್ಲ.

ಇನ್ನೊಂದು ಮಾತು ಬಾಯಿಬಿಟ್ಟು ಕೇಳಿ: ‘ಸಿಸ್ಟ್ರಂಕ್ ಆಪರೇಷನ್ ಮಾಡ್ತೀರಾ?’ 1920ರಿಂದ ಇರುವ ವಿಧಾನ. ಗಂಟಿನ ಜೊತೆ ನಾಲಿಗೆ ಬುಡದ ಕೆಳಗೆ ಕತ್ತಿನಲ್ಲಿರುವ ಹಯಾಯ್ಡ್ ಅನ್ನೋ ಪುಟ್ಟ ಮೂಳೆಯ ನಡುವಿನ ತುಂಡು, ನಾಲಿಗೆ ಬುಡದವರೆಗಿನ ದಾರಿ, ಎಲ್ಲ ತೆಗೆಯುತ್ತಾರೆ. ಬರೀ ಗಂಟು ತೆಗೆದರೆ ಮತ್ತೆ ಬರುವುದು ಜಾಸ್ತಿ. ಮೂಳೆ ಅಂದಾಗ ನಾನೂ ಹೆದರಿದ್ದೆ. ಮಗಳು ಎರಡು ದಿನ ಗಂಜಿ ಕುಡಿದಳು, ಆಮೇಲೆ ಅನ್ನ ಉಂಡಳು. ಮಾತಿಗೇನೂ ತೊಂದರೆಯಾಗಲಿಲ್ಲ.

ಗಂಟು ನಡುವೆ ಇಲ್ಲದೆ ಕತ್ತಿನ ಪಕ್ಕದಲ್ಲಿದ್ದರೆ ಅದು ಬೇರೆ ಕಾಯಿಲೆ, ಆಪರೇಷನ್ನೂ ಬೇರೆ. ಮತ್ತೆ ಊದಿ ಉಸಿರಾಡಲು, ನುಂಗಲು ಕಷ್ಟವಾದರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೊರಡಿ. ಈಗ ಕೆಂಪಿಲ್ಲ, ನೋವಿಲ್ಲ ಅಂದಿರಿ. ಹಾಗಿದ್ದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಇ.ಎನ್.ಟಿ. ವಿಭಾಗಕ್ಕೋ, ಮಕ್ಕಳ ಸರ್ಜನ್ ಹತ್ತಿರವೋ ಈ ವಾರವೇ ತೋರಿಸಿ. ಹಳೆಯ ಚೀಟಿಗಳನ್ನೆಲ್ಲ ಜೊತೆಗೆ ಒಯ್ಯಿರಿ.