ಮದುವೆ ದಾಖಲೆ ಯಾವ ಕೌಂಟಿಯಲ್ಲಿದೆ?

ಪ್ರಶ್ನೆ: 2014ರಲ್ಲಿ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ ಕೆಲಸದಲ್ಲಿದ್ದಾಗ ಅಲ್ಲಿಯವರನ್ನೇ ಮದುವೆಯಾದೆ. ಲಿವರ್‌ಮೋರ್‌ನ ಶಿವ-ವಿಷ್ಣು ದೇವಸ್ಥಾನದಲ್ಲಿ ಧಾರೆ ನಡೆಯಿತು. ಈಗ ಇಬ್ಬರೂ ಮೈಸೂರಿನಲ್ಲಿದ್ದೇವೆ. ಪತಿಗೆ ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಮಾಡಿಸಲು ಅಪೊಸ್ಟಿಲ್ ಆದ, ಅಂದರೆ ಬೇರೆ ದೇಶದಲ್ಲೂ ಸಲ್ಲುವಂತೆ ಅಲ್ಲಿನ ಸರ್ಕಾರ ದೃಢೀಕರಿಸಿದ, ಮದುವೆ ಪ್ರಮಾಣಪತ್ರ ಕೇಳಿದ್ದಾರೆ. ನಮ್ಮಲ್ಲಿರುವುದು ದೇವಸ್ಥಾನದ ಪತ್ರ ಮಾತ್ರ. ಲಿವರ್‌ಮೋರ್ ಸೇರಿರುವ ಅಲಮೀಡಾ ಕೌಂಟಿಗೆ (ಕೌಂಟಿ ಎಂದರೆ ನಮ್ಮ ಜಿಲ್ಲೆಯ ಹಾಗೆ) ಬರೆದರೆ ‘ಈ ಹೆಸರಿನಲ್ಲಿ ದಾಖಲೆ ಇಲ್ಲ’ ಎಂದು ಉತ್ತರ ಬಂತು. ಹಾಗಾದರೆ ನಮ್ಮ ಮದುವೆ ಕಾನೂನಿನ ಪ್ರಕಾರ ಆಗಿಯೇ ಇಲ್ಲವೇ? ನನ್ನ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಇದೆ. ತಮ್ಮ ಫ್ರೀಮಾಂಟ್‌ನಲ್ಲಿದ್ದಾನೆ.
— ಓದುಗರು, ಮೈಸೂರು

ಉತ್ತರ: ಗಾಬರಿಯಾಗಬೇಡಿ. ನಿಮ್ಮ ದಾಖಲೆ ಇನ್ನೊಂದು ಕೌಂಟಿಯಲ್ಲಿ ಇರುವ ಸಾಧ್ಯತೆಯೇ ಹೆಚ್ಚು.

ನಮ್ಮಲ್ಲಿ ಸಾಮಾನ್ಯವಾಗಿ ಮೊದಲು ಮದುವೆ, ಆಮೇಲೆ ಲಗ್ನಪತ್ರಿಕೆ ಮತ್ತು ಫೋಟೊ ಹಿಡಿದುಕೊಂಡು ಉಪನೋಂದಣಿ ಕಚೇರಿ. ಅಮೆರಿಕದಲ್ಲಿ ಕಚೇರಿಯ ಕೆಲಸ ಮದುವೆಗೆ ಮೊದಲೇ ಶುರುವಾಗುತ್ತದೆ. ಇಬ್ಬರೂ ಹೋಗಿ ಮದುವೆ ಲೈಸೆನ್ಸ್ ತೆಗೆದುಕೊಳ್ಳಬೇಕು. ಕ್ಯಾಲಿಫೋರ್ನಿಯಾದಲ್ಲಿ ಅದರ ಅವಧಿ 90 ದಿನ. ರಾಜ್ಯದ ಯಾವ ಕೌಂಟಿಯಲ್ಲಾದರೂ ಲೈಸೆನ್ಸ್ ಪಡೆಯಬಹುದು, ಮಾಮೂಲಿ ಲೈಸೆನ್ಸ್ ಆದರೆ ರಾಜ್ಯದೊಳಗೆ ಎಲ್ಲಿ ಬೇಕಾದರೂ ಮದುವೆಯಾಗಬಹುದು. ಧಾರೆ ಮುಗಿದ ಮೇಲೆ ಪುರೋಹಿತರು ಮತ್ತು ಸಾಕ್ಷಿ ಅದಕ್ಕೆ ಸಹಿ ಹಾಕುತ್ತಾರೆ. 10 ದಿನದೊಳಗೆ ಪುರೋಹಿತರು ಅದನ್ನು ಲೈಸೆನ್ಸ್ ಕೊಟ್ಟ ಕೌಂಟಿಗೇ ಹಿಂದಿರುಗಿಸಬೇಕು. ನೋಂದಣಿಯಾಗುವುದೂ ಅಲ್ಲೇ, ಮಂಟಪ ಇದ್ದ ಕೌಂಟಿಯಲ್ಲಲ್ಲ.

ನೀವು ಆಗ ವಾಸವಿದ್ದ ಸನ್ನಿವೇಲ್ ಸಾಂಟಾ ಕ್ಲಾರಾ ಕೌಂಟಿಗೆ ಸೇರಿದ್ದು. ಅಲ್ಲಿನ ಕ್ಲರ್ಕ್-ರೆಕಾರ್ಡರ್ ಕಚೇರಿ ಸ್ಯಾನ್ ಹೋಸೆಯಲ್ಲಿದೆ. ಮದುವೆಗೆ ಮುಂಚೆ ಇಬ್ಬರೂ ಪಾಸ್‌ಪೋರ್ಟ್ ಹಿಡಿದು ಯಾವ ಊರಿನ ಕೌಂಟರ್ ಮುಂದೆ ನಿಂತಿದ್ದಿರಿ ಎಂದು ಪತಿಯ ಜೊತೆ ಕೂತು ನೆನಪು ಮಾಡಿಕೊಳ್ಳಿ. ಆ ದಿನಗಳ ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಲೈಸೆನ್ಸ್ ಶುಲ್ಕ ಕಟ್ಟಿದ್ದು ಸಿಕ್ಕರೆ ಊಹೆಯ ಅಗತ್ಯವೇ ಇಲ್ಲ.

ಇನ್ನು ಹೆಸರು. ನಮ್ಮವರು ಅತಿ ಹೆಚ್ಚು ಪೇಚಾಡುವುದು ಇಲ್ಲಿಯೇ. ಕೌಂಟಿಯ ಸೂಚಿಯಲ್ಲಿ ಹುಡುಕುವುದು ಲಾಸ್ಟ್ ನೇಮ್ ಹಿಡಿದು. ನಮ್ಮಲ್ಲಿ ಎಷ್ಟೋ ಜನರಿಗೆ ಹಾಗೊಂದು ಹೆಸರೇ ಇರುವುದಿಲ್ಲ. ಇನಿಷಿಯಲ್, ತಂದೆಯ ಹೆಸರು, ಊರಿನ ಹೆಸರು ಇರುತ್ತದೆ. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಖಾಲಿ ಇದ್ದರೆ ಅಮೆರಿಕದ ವೀಸಾದಲ್ಲಿ ಇಡೀ ಹೆಸರು ಸರ್‌ನೇಮ್ ಜಾಗಕ್ಕೆ ಹೋಗುತ್ತದೆ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಫಸ್ಟ್ ನೇಮ್ ಅನ್‌ನೋನ್, ಅಂದರೆ ಮೊದಲ ಹೆಸರು ಗೊತ್ತಿಲ್ಲ) ಎಂದು ಬೀಳುತ್ತದೆ. ಉದಾಹರಣೆಗೆ ಪಾಸ್‌ಪೋರ್ಟ್‌ನಲ್ಲಿ ‘ಸುಮಾ ರಾಮಚಂದ್ರ’ ಎಂದಿದ್ದರೆ, ಲೈಸೆನ್ಸ್‌ನಲ್ಲಿ ಮೊದಲ ಹೆಸರು ‘ಎಫ್‌ಎನ್‌ಯು’, ಕೊನೆಯ ಹೆಸರು ‘ಸುಮಾ ರಾಮಚಂದ್ರ’ ಎಂದು ಟೈಪಾಗಿರಬಹುದು. ಆಗ ‘ರಾಮಚಂದ್ರ’ ಎಂದು ಹುಡುಕಿದವರಿಗೆ ಏನೂ ಸಿಗುವುದಿಲ್ಲ. ಆದ್ದರಿಂದ ಅರ್ಜಿಯಲ್ಲಿ ಪತಿಯ ಹೆಸರನ್ನು ಮುಂದಿಡಿ, ನಿಮ್ಮ ಹೆಸರು ದಾಖಲಾಗಿರಬಹುದಾದ ರೂಪಗಳನ್ನೆಲ್ಲ ಬರೆಯಿರಿ. ತಾರೀಖನ್ನು ಅಲ್ಲಿನ ರೂಢಿಯಂತೆ ತಿಂಗಳು ಮೊದಲು, ದಿನ ಆಮೇಲೆ ಹಾಕಿ. ಮೇ 6 ಹೋಗಿ ಜೂನ್ 5 ಆದರೆ ಮತ್ತೆ ‘ದಾಖಲೆ ಇಲ್ಲ’ ಎಂಬ ಕಾಗದವೇ ಬರುತ್ತದೆ.

ಲೈಸೆನ್ಸ್ ನೋಂದಣಿಯಾದ ಮಾತ್ರಕ್ಕೆ ಪ್ರಮಾಣಪತ್ರ ತಾನಾಗಿ ಮನೆಗೆ ಬರುವುದಿಲ್ಲ. ಅರ್ಜಿ ಹಾಕಿ, ಶುಲ್ಕ ಕಟ್ಟಿ ಸರ್ಟಿಫೈಡ್ ಕಾಪಿ ತರಿಸಬೇಕು. ಅದರಲ್ಲಿ ಎರಡು ಬಗೆ. ‘ಇನ್ಫರ್ಮೇಷನಲ್’ ಕಾಪಿ ಯಾರಿಗಾದರೂ ಸಿಗುತ್ತದೆ. ಗುರುತು ಸಾಬೀತುಪಡಿಸಲು ಇದು ಸಲ್ಲದು ಎಂದು ಅದರ ಮೇಲೇ ಅಚ್ಚಾಗಿರುತ್ತದೆ. ನಿಮಗೆ ಬೇಕಾದದ್ದು ‘ಆಥರೈಸ್ಡ್’ ಕಾಪಿ. ದಂಪತಿ, ತಂದೆ-ತಾಯಿ, ಮಕ್ಕಳು, ಅಜ್ಜ-ಅಜ್ಜಿ, ಒಡಹುಟ್ಟಿದವರು ಇದನ್ನು ಕೇಳಬಹುದು. ಅಂದರೆ ನಿಮ್ಮ ತಮ್ಮನೂ ಕೇಳಬಹುದು! ಫ್ರೀಮಾಂಟ್‌ನಿಂದ ಸ್ಯಾನ್ ಹೋಸೆ ಹತ್ತಿರವೇ. ಅವರು ಗುರುತಿನ ಚೀಟಿಯೊಂದಿಗೆ ಹೋಗಿ, ಪ್ರಮಾಣ ಹೇಳಿಕೆಗೆ ಕೌಂಟರ್‌ನಲ್ಲೇ ಸಹಿ ಹಾಕಿದರೆ ನೋಟರಿ ಬೇಕಾಗುವುದಿಲ್ಲ. ಅದೇ ನೀವು ಮೈಸೂರಿನಿಂದ ಅಂಚೆಯಲ್ಲಿ ಅರ್ಜಿ ಹಾಕಿದರೆ ಆ ಹೇಳಿಕೆಗೆ ನೋಟರಿ ಮಾಡಿಸಲೇಬೇಕು. ಚೆನ್ನೈನ ಅಮೆರಿಕನ್ ಕಾನ್ಸುಲೇಟ್‌ನಲ್ಲಿ ಒಂದು ಮೊಹರಿಗೆ 50 ಡಾಲರ್. ತಮ್ಮ ಇರುವಾಗ ಆ ಖರ್ಚು, ಓಡಾಟ ಯಾಕೆ? ಎರಡು ಪ್ರತಿ ತೆಗೆದುಕೊಳ್ಳಲು ಹೇಳಿ.

ಒಂದು ಸಂಗತಿ ಮಾತ್ರ ಮೊದಲೇ ಖಚಿತ ಮಾಡಿಕೊಳ್ಳಿ. ಕ್ಯಾಲಿಫೋರ್ನಿಯಾದಲ್ಲಿ ‘ಕಾನ್ಫಿಡೆನ್ಷಿಯಲ್’ ಎಂಬ ಇನ್ನೊಂದು ಲೈಸೆನ್ಸ್ ಉಂಟು. ಅದಕ್ಕೆ ಸಾಕ್ಷಿ ಸಹಿ ಬೇಕಿಲ್ಲ, ದಾಖಲೆ ಕೌಂಟಿ ಕ್ಲರ್ಕ್ ಬಳಿ ಮಾತ್ರ ಇರುತ್ತದೆ, ಅದರ ಕಾಪಿ ದಂಪತಿಗಷ್ಟೇ ಸಿಗುತ್ತದೆ. ನಿಮ್ಮದು ಅದಾಗಿದ್ದರೆ ತಮ್ಮನನ್ನು ಕಳಿಸಿ ಪ್ರಯೋಜನವಿಲ್ಲ. ಮಂಟಪದಲ್ಲಿ ಸಾಕ್ಷಿಯಿಂದ ಲೈಸೆನ್ಸ್‌ಗೆ ಸಹಿ ಹಾಕಿಸಿದ್ದು ನೆನಪಿದ್ದರೆ ಮಾಮೂಲಿ ಲೈಸೆನ್ಸೇ ಇರಬೇಕು.

ಪ್ರತಿ ಕೈಗೆ ಬಂದ ಕೂಡಲೇ ಅಪೊಸ್ಟಿಲ್‌ಗೆ ಕಳಿಸಬೇಡಿ. ಮೊದಲು ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ತರಿಸಿಕೊಂಡು ಅಕ್ಷರ ಅಕ್ಷರ ಓದಿ. ನಿಮ್ಮಿಬ್ಬರ ತಂದೆ-ತಾಯಿಯ ಹೆಸರೂ ಅದರಲ್ಲಿ ಇರುತ್ತದೆ. ಕಾಗುಣಿತ ತಪ್ಪಿದ್ದರೆ ಕೌಂಟಿಯ ಮೂಲಕವೇ ತಿದ್ದುಪಡಿ ಆಗಬೇಕು. ಎಲ್ಲ ಸರಿಯಿದ್ದರೆ ಆ ಮೂಲ ಪ್ರತಿಯನ್ನೇ, ಜೆರಾಕ್ಸ್ ಅಲ್ಲ, ಸ್ಯಾಕ್ರಮೆಂಟೊದಲ್ಲಿರುವ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಗೆ ಕಳಿಸಬೇಕು. ಒಂದು ಅಪೊಸ್ಟಿಲ್‌ಗೆ 20 ಡಾಲರ್. ಭಾರತದಲ್ಲಿ ಬಳಸಲು ಎಂದು ಜೊತೆಯ ಪತ್ರದಲ್ಲಿ ತಪ್ಪದೆ ಬರೆಯಬೇಕು. ಅಪೊಸ್ಟಿಲ್ ಒಪ್ಪಂದ 2005ರಿಂದ ಭಾರತಕ್ಕೂ ಅನ್ವಯಿಸುವುದರಿಂದ ಅದರ ಮೇಲೆ ಭಾರತೀಯ ಕಾನ್ಸುಲೇಟ್‌ನ ಮೊಹರು ಬೇಕಾಗುವುದಿಲ್ಲ.

ಸಾಂಟಾ ಕ್ಲಾರಾದಲ್ಲೂ ಸಿಗದಿದ್ದರೆ, ಪುರೋಹಿತರು ಲೈಸೆನ್ಸ್ ಹಿಂದಿರುಗಿಸದೇ ಇದ್ದಿರಬಹುದು, ಅಥವಾ ಅದು ಅಂಚೆಯಲ್ಲಿ ಕಳೆದಿರಬಹುದು. ಹಾಗಾಗಿದ್ದರೂ ಧೈರ್ಯಗೆಡಬೇಡಿ: ಬೇರೆಯವರ ಲೋಪದಿಂದ ದಂಪತಿಯ ಮದುವೆ ಅಸಿಂಧುವಾಗುವುದಿಲ್ಲ ಎಂದು ಕ್ಯಾಲಿಫೋರ್ನಿಯಾದ ಕುಟುಂಬ ಕಾನೂನೇ ಹೇಳುತ್ತದೆ. ಮದುವೆಯಾದ ಒಂದು ವರ್ಷದೊಳಗಾದರೆ ಡೂಪ್ಲಿಕೇಟ್ ಲೈಸೆನ್ಸ್ ಸಿಗುತ್ತದೆ. ನಿಮ್ಮ ವಿಷಯದಲ್ಲಿ ಆ ಗಡುವು ಮುಗಿದಿರುವುದರಿಂದ, ಮದುವೆ ನಡೆದದ್ದು ನಿಜವೆಂದು ಅಲ್ಲಿನ ಕೋರ್ಟಿನಿಂದ ಆದೇಶ ಪಡೆಯಬೇಕಾಗುತ್ತದೆ. ದೇವಸ್ಥಾನದ ಪತ್ರ ಆಗ ಬೆಲೆಬಾಳುವ ಸಾಕ್ಷ್ಯ, ಜೋಪಾನ ಮಾಡಿ.

ಪ್ರಶ್ನೆ: ನಮ್ಮ ಮದುವೆ ಟೆಕ್ಸಸ್‌ನ ಪ್ಲೇನೊದಲ್ಲಿ ಆಯಿತು, ಲೈಸೆನ್ಸ್ ಕೂಡ ಅದೇ ಕೌಂಟಿಯದು. ರಾಜ್ಯ ಸರ್ಕಾರದಿಂದ ತರಿಸಿದ ಪತ್ರವನ್ನು ಪ್ರಮಾಣಪತ್ರವೆಂದು ಒಪ್ಪುತ್ತಿಲ್ಲ. ಯಾಕೆ?
— ಓದುಗರು, ಹಾಸನ

ಉತ್ತರ: ನಿಮಗೆ ಬಂದಿರುವುದು ‘ವೆರಿಫಿಕೇಷನ್ ಲೆಟರ್’. ಇಂಥವರ ಮದುವೆ ದಾಖಲಾಗಿದೆ ಎಂದಷ್ಟೇ ಅದು ಹೇಳುತ್ತದೆ. ಟೆಕ್ಸಸ್‌ನಲ್ಲಿ ಮದುವೆಯ ಸರ್ಟಿಫೈಡ್ ಕಾಪಿ ಕೊಡುವುದು ಲೈಸೆನ್ಸ್ ನೀಡಿದ ಕೌಂಟಿಯ ಕ್ಲರ್ಕ್. ನೀವು ಬರೆಯಬೇಕಾದದ್ದು ಮ್ಯಾಕಿನಿಯಲ್ಲಿರುವ ಕಾಲಿನ್ ಕೌಂಟಿ ಕ್ಲರ್ಕ್‌ಗೆ. ಅಪೊಸ್ಟಿಲ್ ಆಗುವುದು ಆಸ್ಟಿನ್‌ನಲ್ಲಿ.

ಪ್ರಶ್ನೆ: ಮಗಳ ಮದುವೆ ನ್ಯೂಜೆರ್ಸಿಯ ಬ್ರಿಡ್ಜ್‌ವಾಟರ್ ದೇವಸ್ಥಾನದಲ್ಲಿ ಆಯಿತು. ಅವರ ಮನೆ ಎಡಿಸನ್‌ನಲ್ಲಿ, ಲೈಸೆನ್ಸ್ ಅಲ್ಲಿಯದು. ಯಾವ ಕೌಂಟಿಯನ್ನು ಕೇಳಬೇಕು?
— ಓದುಗರು, ದಾವಣಗೆರೆ

ಉತ್ತರ: ಕೌಂಟಿಯನ್ನು ಕೇಳಬೇಕಿಲ್ಲ. ನ್ಯೂಜೆರ್ಸಿಯ ಪದ್ಧತಿ ಮೇಲೆ ಹೇಳಿದ್ದಕ್ಕೆ ಪೂರ್ತಿ ತಿರುವುಮುರುವು. ಲೈಸೆನ್ಸ್ ಕೊಡುವುದು ವಾಸವಿರುವ ಊರಿನ ಸ್ಥಳೀಯ ರಿಜಿಸ್ಟ್ರಾರ್, ಆದರೆ ಮದುವೆ ದಾಖಲಾಗುವುದು ಅದು ನಡೆದ ಊರಿನ ರಿಜಿಸ್ಟ್ರಾರ್ ಬಳಿ. ಆದ್ದರಿಂದ ಎಡಿಸನ್ ಬಿಟ್ಟು ಬ್ರಿಡ್ಜ್‌ವಾಟರ್ ಟೌನ್‌ಶಿಪ್‌ಗೆ ಮಗಳಿಂದ ಅರ್ಜಿ ಹಾಕಿಸಿ. ಗೂಗಲ್‌ನಲ್ಲಿ ಹುಡುಕುವಾಗ ಸರ್ಕಾರಿ ಕಚೇರಿಯಂತೆಯೇ ಕಾಣುವ ಖಾಸಗಿ ಜಾಲತಾಣಗಳು ಮೊದಲು ಬರುತ್ತವೆ, ದುಪ್ಪಟ್ಟು ಹಣ ಕೇಳುತ್ತವೆ. ಟೌನ್‌ಶಿಪ್‌ನ ಸ್ವಂತ ಜಾಲತಾಣದಿಂದಲೇ ಅರ್ಜಿ ನಮೂನೆ ಇಳಿಸಿಕೊಳ್ಳಲು ಹೇಳಿ.