ಕ್ಯೂ ಬಂದಿದೆ, ಯು ಇಲ್ಲ: ಬೇಕಾದ ಅಕ್ಷರಗಳಿರುವ ಇಂಗ್ಲಿಷ್ ಪದ ಹುಡುಕುವುದು ಹೇಗೆ?

ಈ ಪ್ರಶ್ನೆಯಲ್ಲಿ ಎರಡು ವಿಷಯ ಸೇರಿಕೊಂಡಿವೆ. ಸ್ಕ್ರ್ಯಾಬಲ್‌ನಲ್ಲಿ (ಅಕ್ಷರದ ಬಿಲ್ಲೆಗಳನ್ನು, ಅಂದರೆ ಟೈಲ್‌ಗಳನ್ನು, ಬೋರ್ಡಿನ ಮೇಲೆ ಜೋಡಿಸಿ ಪದ ಕಟ್ಟಿ ಅಂಕ ಗಳಿಸುವ ಆಟ) ಕ್ಯೂ, ಝಡ್‌ನಂಥ ಅಕ್ಷರ ಬಂದರೆ ಯಾವ ಪದ ಕಟ್ಟುವುದು ಎನ್ನುವುದು ಒಂದು. ವರ್ಡಲ್‌ನಲ್ಲಿ (ಐದಕ್ಷರದ ಗುಟ್ಟಿನ ಪದವನ್ನು ಆರು ಊಹೆಗಳೊಳಗೆ ಹಿಡಿಯುವ ಆಟ) ಕೆಲವು ಅಕ್ಷರ ಗೊತ್ತಾದ ಮೇಲೆ ಪೂರ್ತಿ ಪದ ಹಿಡಿಯುವುದು ಹೇಗೆ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಒಂದಷ್ಟು ಪದ ಬಾಯಿಪಾಠ ಆಗಲೇಬೇಕು, ಬೇರೆ ದಾರಿಯಿಲ್ಲ. ಎರಡನೆಯದಕ್ಕೆ ಹುಡುಕುವ ಸಾಧನ ಬಳಸಬಹುದು. (ಕೆಳಗೆ ಅಕ್ಷರಗಳ ನಡುವೆ ಅಡ್ಡಗೆರೆ ಇದ್ದರೆ ಅದು ಇಂಗ್ಲಿಷ್ ಸ್ಪೆಲಿಂಗ್ ಎಂದುಕೊಳ್ಳಿ.)

ಯಾವ ನಿಘಂಟಿನ ಪ್ರಕಾರ ಆಡುತ್ತೀರಿ ಎನ್ನುವುದನ್ನು ಮೊದಲು ಗೊತ್ತುಮಾಡಿಕೊಳ್ಳಿ. ಭಾರತದ ಟೂರ್ನಮೆಂಟುಗಳಲ್ಲಿ ನಡೆಯುವುದು ಕಾಲಿನ್ಸ್ ಪಟ್ಟಿ. ಅಮೆರಿಕ, ಕೆನಡಾಗಳದ್ದು ಬೇರೆ ಪಟ್ಟಿ. ಎರಡಕ್ಷರದ ಪದಗಳೇ ಕಾಲಿನ್ಸ್‌ನ 2019ರ ಪಟ್ಟಿಯಲ್ಲಿ 127 ಇದ್ದರೆ ಅಮೆರಿಕದ 2018ರ ಪಟ್ಟಿಯಲ್ಲಿ 107 ಮಾತ್ರ. ಝಡ್-ಎ ಎರಡರಲ್ಲೂ ಇದೆ, ಝಡ್-ಓ ಕಾಲಿನ್ಸ್‌ನಲ್ಲಷ್ಟೇ. ಅಮೆರಿಕದ ಆ್ಯಪ್‌ನಲ್ಲಿ ಕಲಿತು ಇಲ್ಲಿ ಆಡಲು ಕೂತವರಿಗೂ, ಇಲ್ಲಿ ಕಲಿತು ಅಲ್ಲಿ ಆಡುವವರಿಗೂ ಜಗಳ ಹುಟ್ಟುವುದು ಇಂಥ ಪದಗಳ ಮೇಲೆಯೇ.

ಈಗ ಕ್ಯೂ ವಿಚಾರ. ಸ್ಕ್ರ್ಯಾಬಲ್‌ನ 100 ಟೈಲ್‌ಗಳಲ್ಲಿ ಕ್ಯೂ ಒಂದೇ, ಬೆಲೆ 10 ಅಂಕ. ಯು ಇರುವುದು 4. ಎದುರಾಳಿ ಟೈಲ್ ಖಾಲಿ ಮಾಡಿದಾಗ ಕ್ಯೂ ನಿಮ್ಮ ಕೈಯಲ್ಲೇ ಉಳಿದಿದ್ದರೆ ನಿಮಗೆ 10 ಕಳೆಯುತ್ತದೆ, ಅವರಿಗೆ 10 ಸೇರುತ್ತದೆ. ಹಾಗಾಗಿ ಯು ಬರಲಿ ಎಂದು ಕಾಯುವುದು ನಷ್ಟದ ಬಾಬತ್ತು. ಕ್ಯೂ ಇರುವ ಎರಡಕ್ಷರದ ಪದ ಒಂದೇ ಒಂದು: ಕ್ಯೂ-ಐ. ಚೀನೀ ಮೂಲದ ಪದ, ಪ್ರಾಣಶಕ್ತಿ ಎಂಬರ್ಥ, ಉಚ್ಚಾರ 'ಚೀ'. ಇದರ ಬೆಲೆ ತಿಳಿಯಬೇಕಾದರೆ ಒಂದು ಲೆಕ್ಕ ನೋಡಿ. ಬೋರ್ಡಿನ ಮೇಲೆ ಅಡ್ಡಡ್ಡ ಟಿ-ಎ-ಎಕ್ಸ್-ಐ ಇದೆ, ಅದರ ಕೊನೆಯ ಐ ಅಕ್ಷರದ ನೆತ್ತಿಯ ಮೇಲಿನ ಮನೆ ಟ್ರಿಪಲ್ ಲೆಟರ್ (ಅಕ್ಷರದ ಬೆಲೆ ಮೂರು ಪಟ್ಟಾಗುವ ಮನೆ) ಎಂದಿಟ್ಟುಕೊಳ್ಳಿ. ಆ ಮನೆಯಲ್ಲಿ ಕ್ಯೂ, ಅದರ ಬಲಕ್ಕೆ ನಿಮ್ಮ ಐ ಇಟ್ಟರೆ ಅಡ್ಡಕ್ಕೂ ಕ್ಯೂ-ಐ, ಉದ್ದಕ್ಕೂ ಕ್ಯೂ-ಐ. ಒಂದೊಂದಕ್ಕೆ 31, ಒಟ್ಟು 62. ಎರಡೇ ಟೈಲ್ ಖರ್ಚು! ಬೋರ್ಡಿನಲ್ಲಿ ಮೊದಲೇ ಇರುವ ಪದ ಐನಲ್ಲಿ ಮುಗಿದಿರಬೇಕು ಎನ್ನುವುದನ್ನು ಮರೆಯಬೇಡಿ. ಅದರಾಚೆ ಇನ್ನೊಂದು ಅಕ್ಷರವಿದ್ದರೆ ನಿಮ್ಮ ಐ ಅದರ ಜೊತೆ ಸೇರಿ ಮೂರನೇ ಪದವಾಗುತ್ತದೆ, ಅದೂ ಸರಿಯಿರಬೇಕಾಗುತ್ತದೆ.

ಯು ಬೇಡದ ಉಳಿದ ಪದಗಳ ವಿಷಯದಲ್ಲಿ ನಮಗೆ ಅನುಕೂಲವೇ ಇದೆ. ಅವುಗಳಲ್ಲಿ ಬಹಳಷ್ಟು ಅರಬ್ಬಿ ಮೂಲದವು, ಕನ್ನಡ ಪತ್ರಿಕೆ ಓದುವವರ ಕಣ್ಣಿಗೆ ಬಿದ್ದೇ ಇರುತ್ತವೆ. ವಕ್ಫ್ (ಡಬ್ಲ್ಯು-ಎ-ಕ್ಯೂ-ಎಫ್), ತಲಾಖ್ (ಟಿ-ಎ-ಎಲ್-ಎ-ಕ್ಯೂ), ಫಕೀರ (ಎಫ್-ಎ-ಕ್ಯೂ-ಐ-ಆರ್), ನಿಖಾಬ್ (ಎನ್-ಐ-ಕ್ಯೂ-ಎ-ಬಿ), ಕವ್ವಾಲಿ (ಕ್ಯೂ-ಎ-ಡಬ್ಲ್ಯು-ಡಬ್ಲ್ಯು-ಎ-ಎಲ್-ಐ), ಎಲ್ಲವೂ ಕಾಲಿನ್ಸ್‌ನಲ್ಲಿವೆ. ಬೀದರಿನಲ್ಲಿ ಕರೇಜ್ ಎನ್ನುವ ನೆಲದಡಿಯ ನೀರಿನ ಕಾಲುವೆ ಇದೆಯಲ್ಲ, ಅಂಥದ್ದಕ್ಕೆ ಇಂಗ್ಲಿಷಿನಲ್ಲಿ ಕ್ಯೂ-ಎ-ಎನ್-ಎ-ಟಿ. ಇವುಗಳ ಜೊತೆ ಮೂರಕ್ಷರದ ಕ್ಯೂ-ಎ-ಟಿ (ಯೆಮನ್ ಕಡೆ ಜಗಿಯುವ ಎಲೆ) ಕಲಿತುಬಿಟ್ಟರೆ ಸಾಕಷ್ಟಾಯಿತು. ಇರಾಕ್, ಕತಾರ್ ಮಾತ್ರ ಇಡಬೇಡಿ, ಅಂಕಿತನಾಮ ನಡೆಯುವುದಿಲ್ಲ. ಹೀಗೇ ನಮ್ಮ ಕಡೆಯ ಇಡ್ಲಿ, ದೋಸೆ (ಡಿ-ಓ-ಎಸ್-ಎ), ಲಕ್ಷ (ಎಲ್-ಎ-ಕೆ-ಎಚ್), ಕೋಟಿ (ಸಿ-ಆರ್-ಓ-ಆರ್-ಇ), ಘೇರಾವ್ (ಜಿ-ಎಚ್-ಇ-ಆರ್-ಎ-ಓ) ಕೂಡ ಸಲ್ಲುತ್ತವೆ.

ಉಳಿದ ಭಾರದ ಅಕ್ಷರಗಳಲ್ಲಿ ಎಕ್ಸ್ ಬಲು ಸಲೀಸು: ಎ-ಎಕ್ಸ್, ಇ-ಎಕ್ಸ್, ಓ-ಎಕ್ಸ್, ಎಕ್ಸ್-ಐ, ಎಕ್ಸ್-ಯು. ಜೆಗೆ ಜೆ-ಎ, ಜೆ-ಓ. ನನ್ನ ಪ್ರಕಾರ ನಿಜವಾಗಿ ಕಾಡುವುದು ವಿ. ಬೆಲೆ ಬರೀ 4, ಎರಡಕ್ಷರದ ಪದ ಒಂದೂ ಇಲ್ಲ, ಆದ್ದರಿಂದ ಇದ್ದ ಪದದ ಪಕ್ಕ ಸಾಲಾಗಿ ಜೋಡಿಸುವಾಗ ಅಡ್ಡಿಯಾಗುತ್ತದೆ. ಬಂದ ತಕ್ಷಣ ಸಾಗಹಾಕಿ. ಕೈತುಂಬ ಸ್ವರಗಳೇ ಬಂದರೆ ಇ-ಇ-ಆರ್-ಐ-ಇ, ಎ-ಡಿ-ಐ-ಇ-ಯು. ಸ್ವರವೇ ಇಲ್ಲದಿದ್ದರೆ ಎನ್-ಟಿ-ಎಚ್, ಸಿ-ಡಬ್ಲ್ಯು-ಎಂ.

ಕೈಯಲ್ಲಿರುವ ಏಳೂ ಟೈಲ್ ಒಟ್ಟಿಗೆ ಇಟ್ಟರೆ 50 ಅಂಕ ಹೆಚ್ಚುವರಿ. ಅದಕ್ಕಾಗಿ ಎಸ್, ಎ, ಟಿ, ಐ, ಎನ್, ಇ ಈ ಆರನ್ನು ಉಳಿಸಿಕೊಳ್ಳುವುದು ಹಳೆಯ ಆಟಗಾರರ ಪದ್ಧತಿ. ಏಳನೆಯದಾಗಿ ಡಿ ಬಂದರೆ 'ಇನ್‌ಸ್ಟೆಡ್', ಜಿ ಬಂದರೆ 'ಸೀಟಿಂಗ್', ಆರ್ ಬಂದರೆ 'ರಿಟೇನ್ಸ್'. ಪದ ಹೊಳೆಯದಿದ್ದರೆ ಐ-ಎನ್-ಜಿ, ಇ-ಡಿ, ಆರ್-ಇ ಇಂಥ ತುಂಡುಗಳನ್ನು ರ್‍ಯಾಕಿನ (ಟೈಲ್ ನಿಲ್ಲಿಸುವ ಸ್ಟ್ಯಾಂಡಿನ) ಒಂದು ತುದಿಗೆ ಸರಿಸಿ ಉಳಿದ ನಾಲ್ಕೈದನ್ನಷ್ಟೇ ಹೊರಳಿಸಿ ನೋಡಿ.

ಹುಡುಕುವ ಸಾಧನಗಳಲ್ಲಿ ನಾನು ಒನ್‌ಲುಕ್ ಎಂಬ ವೆಬ್‌ಸೈಟನ್ನೇ ಹೇಳುತ್ತೇನೆ. ಅಲ್ಲಿ ? ಎಂದರೆ ಒಂದು ಅಕ್ಷರ, * ಎಂದರೆ ಎಷ್ಟಾದರೂ. ವರ್ಡಲ್‌ನಲ್ಲಿ ಮೂರನೆಯದು ಎ, ಐದನೆಯದು ಇ ಎಂದು ಗೊತ್ತಾಗಿ, ಎಸ್, ಟಿ, ಆರ್ ಇಲ್ಲ ಎಂದೂ ತಿಳಿದಿದೆ ಎನ್ನಿ. ??ಎ?ಇ ಎಂಬ ಮಾದರಿಯನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ, ಕೊನೆಗೆ ಮೈನಸ್ ಚಿಹ್ನೆ ಹಾಕಿ ಬೇಡದ ಮೂರನ್ನೂ ಒತ್ತೊತ್ತಾಗಿ ಬರೆಯಿರಿ. ಎಲ್ ಎಲ್ಲೋ ಇದೆ ಎಂದಾದರೆ ಅಲ್ಪವಿರಾಮ ಹಾಕಿ *ಎಲ್* ಸೇರಿಸಿ. ಬ್ಲೇಮ್, ಫ್ಲೇಮ್, ಪ್ಲೇಸ್, ಗ್ಲೇಝ್ ಎಲ್ಲ ಬರುತ್ತವೆ. ಎಡವುವುದು ಜೋಡಿ ಅಕ್ಷರದಲ್ಲಿ: *ಪಿ* ಎಂದರೆ ಒಂದು ಪಿ ಇದ್ದರೂ ಸಾಕು, ಎರಡು ಬೇಕಿದ್ದರೆ *ಪಿ*ಪಿ* ಎಂದೇ ಬರೆಯಬೇಕು. ಒನ್‌ಲುಕ್ ಹೆಸರುಗಳನ್ನೂ ಸಂಕ್ಷೇಪಗಳನ್ನೂ ತೋರಿಸುತ್ತದೆ, ಆದ್ದರಿಂದ ಸ್ಕ್ರ್ಯಾಬಲ್‌ಗೆ ಕಲಿಯುವಾಗ ಕಾಲಿನ್ಸ್‌ನಲ್ಲಿ ಒಮ್ಮೆ ತಾಳೆ ನೋಡಿ. ಎದುರಾಳಿ ಇರುವ ಆಟದ ನಡುವೆ ಮಾತ್ರ ಇದನ್ನು ತೆರೆಯಬೇಡಿ, ಅದು ಮೋಸ.

ಇಂಟರ್ನೆಟ್ ಇಲ್ಲದೆ ಬೇಕಿದ್ದರೆ ಎನೇಬಲ್ ಎಂಬ ಪದಪಟ್ಟಿ ಉಚಿತವಾಗಿ ಸಿಗುತ್ತದೆ, ಸುಮಾರು 1,72,000 ಪದ. ಎಕ್ಸೆಲ್‌ನ ಒಂದೇ ಕಾಲಮ್ಮಿನಲ್ಲಿ ಹಿಡಿಸುತ್ತದೆ, ಫಿಲ್ಟರ್‌ನಲ್ಲೂ ? ಮತ್ತು * ಕೆಲಸ ಮಾಡುತ್ತವೆ. ಪೇಸ್ಟ್ ಮಾಡುವ ಮೊದಲು ಕಾಲಮ್ಮನ್ನು ಟೆಕ್ಸ್ಟ್ ಮಾಡಿಕೊಳ್ಳಿ, ಇಲ್ಲದಿದ್ದರೆ 'ಟ್ರೂ', 'ಫಾಲ್ಸ್' ಪದಗಳನ್ನು ಎಕ್ಸೆಲ್ ತರ್ಕದ ಬೆಲೆಗಳೆಂದು ತಿಳಿದು ಬದಲಿಸುತ್ತದೆ.

ವರ್ಡಲ್‌ನಲ್ಲಿ ನಾಲ್ಕು ಅಕ್ಷರ ಹಸಿರಾಗಿಯೂ (ಅಂದರೆ ಸರಿಯಾದ ಜಾಗದಲ್ಲೇ ಸಿಕ್ಕಿಯೂ) ಸೋಲುವುದು ಐ-ಜಿ-ಎಚ್-ಟಿ ಬಾಲದ ಪದಗಳಲ್ಲಿ: ಫೈಟ್, ಲೈಟ್, ಮೈಟ್, ಸೈಟ್, ನೈಟ್, ರೈಟ್, ಟೈಟ್, ಏಯ್ಟ್. ಒಂದೊಂದೇ ಹಾಕುತ್ತ ಹೋದರೆ ಆರು ಅವಕಾಶ ಸಾಲದು. ಉತ್ತರವಲ್ಲ ಎಂದು ಗೊತ್ತಿದ್ದೂ 'ಫಿಲ್ಮ್ಸ್' ಹಾಕಿ. ಎಫ್, ಎಲ್, ಎಂ, ಎಸ್ ನಾಲ್ಕರ ಹಣೆಬರಹ ಒಂದೇ ಸಲಕ್ಕೆ ಗೊತ್ತಾಗುತ್ತದೆ. ಹಾರ್ಡ್ ಮೋಡ್‌ನಲ್ಲಿ ಇದಕ್ಕೆ ಅವಕಾಶವಿಲ್ಲ, ಸಿಕ್ಕ ಸುಳಿವನ್ನು ಮುಂದಿನ ಊಹೆಯಲ್ಲಿ ಬಳಸಲೇಬೇಕು. ಹಾಗಾಗಿ ಅಲ್ಲಿ ಜಿ, ಎಚ್ ಎರಡೂ ಹಸಿರಾಗುವ ಮೊದಲೇ ಈ ಮೊದಲಕ್ಷರಗಳಲ್ಲಿ ಆದಷ್ಟನ್ನು ಪರೀಕ್ಷಿಸಿಕೊಂಡಿರಿ.